ಚುಕ್ಕಿಗಳ ನಡುವೆ ಉಂಗುರ

ಮಾರ್ಚ್ 3, ಸೋಮವಾರ

ಚಿಕ್ಕ ಮಾಲೀಕರು ಇಂದು ಕೇಳದೆಯೇ ಚಹಾ ತರಿಸಿದರು. ಪುಕ್ಕಟೆ ಚಹಾ ಕೊಟ್ಟು ಒಳ್ಳೆಯ ಸುದ್ದಿ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

"ಆಸ್ಪತ್ರೆಯವರ ಪುಸ್ತಕ ಬಂದಿದೆ. ತಾಯಿ-ಮಗುವಿನ ಆರೈಕೆ, ಯಾವ ಔಷಧಿ ಎಷ್ಟು ಕೊಡಬೇಕು, ಎಲ್ಲಾ ಸೇರಿ ತೊಂಬತ್ತಾರು ಪುಟ. ಮೊದಲರ್ಧ ನೀವು ಮಾಡಿ, ಉಳಿದದ್ದು ಅವಳು ಮಾಡ್ಲಿ," ಎಂದರು. ಆಮೇಲೆ ಲೋಟದ ತಳ ನೋಡುತ್ತಾ, "ಇದು ಮುಗಿದ ಮೇಲೆ ಒಂದು ಕಂಪ್ಯೂಟರ್ ಮಾರಿಬಿಡ್ತೀನಿ. ಇಬ್ಬರಿಗೆ ಆಗುವಷ್ಟು ಕೆಲಸ ಎಲ್ಲಿದೆ, ನೀವೇ ಹೇಳಿ. ಯಾರು ಉಳಿಯೋದು ಅಂತ ಆಮೇಲೆ ನೋಡೋಣ," ಎಂದರು.

ಆಮೇಲೆ ನೋಡುವುದಂತೆ. ಇವರ ತಂದೆಯ ಕಾಲದಲ್ಲಿ, ಹದಿನೆಂಟರ ಹುಡುಗಿಯಾಗಿ, ಈ ಪ್ರೆಸ್ಸಿನ ಮೆಟ್ಟಿಲು ಹತ್ತಿದವಳು ನಾನು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಿದ್ದೇನೆ. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಅಳುತ್ತಲೇ ಅದನ್ನೂ ಕಲಿತೆ. ಈ ಚಿಕ್ಕ ಮಾಲೀಕರ ಮೂಗು ಒರೆಸಿದ ಕೈ ಇದು. ಈಗ ಸರ್ ಅನ್ನುತ್ತೇನೆ. ಅದಕ್ಕೇನು ಬೇಜಾರಿಲ್ಲ.

ಅವಳು, ಇನ್ನೊಂದು ಕಂಪ್ಯೂಟರಿನಲ್ಲಿ ಕೂರುವವಳು, ಬಂದು ಆರು ತಿಂಗಳಾಯಿತು. ದಪ್ಪ ಕನ್ನಡಕ, ಸಣ್ಣ ದನಿ, ಏಳು ವರ್ಷದ ಒಬ್ಬಳು ಮಗಳು. ಮನಸ್ಸಿನಲ್ಲಿ ನಾನು ಅವಳನ್ನು ಕನ್ನಡಕ ಎಂದೇ ಕರೆಯುವುದು. ಬಂದ ವಾರವೇ ನನ್ನ ಬೆನ್ನ ಹಿಂದೆ ನಿಂತು, "ಅಕ್ಕಾ, ಸ್ಪೇಸ್ ಹಾಗೆ ಒತ್ತಿ ಒತ್ತಿ ತಳ್ಳಬಾರದು, ಅದಕ್ಕೆ ಬೇರೆ ದಾರಿ ಇದೆ," ಎಂದಿದ್ದಳು. "ನಾನು ಮೊಳೆ ಜೋಡಿಸ್ತಿದ್ದಾಗ ನೀನು ಹುಟ್ಟೇ ಇರಲಿಲ್ಲ ಕಣಮ್ಮಾ," ಎಂದೆ. ಅಂದಿನಿಂದ ನನ್ನ ಕೆಲಸದ ವಿಷಯಕ್ಕೆ ತುಟಿ ಬಿಚ್ಚಿಲ್ಲ. ಸರಿಯಾಗೇ ಹೇಳಿದೆ.

ದೇವರೇ, ನನ್ನ ಕುರ್ಚಿಯನ್ನು ನನಗೆ ಉಳಿಸು. ನಮ್ಮ ಮನೆಯವರು ಸೊಂಟ ಹಿಡಿದು ಬಸ್ಸಿನ ಸ್ಟೀರಿಂಗ್ ಬಿಟ್ಟು ಎರಡು ವರ್ಷವಾಯಿತು. ನಿನಗೆ ಗೊತ್ತಿಲ್ಲದ್ದೇನು.

ಮಾರ್ಚ್ 4, ಮಂಗಳವಾರ

ಇಂದು ನನ್ನದು ಒಂಬತ್ತು ಪುಟ. ಕನ್ನಡಕದ್ದು ಹನ್ನೆರಡು. ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ. ಮಾಲೀಕರಿಗೆ ಕಾಣುವ ಹಾಗೆ ಹಾಳೆಗಳನ್ನು ಮೇಜಿನ ಮೇಲೆ ಹರಡಿಟ್ಟಳು, ಅಷ್ಟೇ.

ಮಾರ್ಚ್ 6, ಗುರುವಾರ

ಒಂದು ವಿಚಿತ್ರ ಕಂಡೆ. ಬರೆದಿಡುತ್ತೇನೆ, ನಾಳೆ ಸಾಕ್ಷಿಗೆ ಬೇಕಾದೀತು.

ಮೊಳೆಯ ಕಾಲದ ನಮ್ಮ ಮೇಸ್ತ್ರಿ ಒಂದು ಮಾತು ಹೇಳುತ್ತಿದ್ದರು: ಅಂಕಿಯನ್ನು ಅದರ ಅಳತೆಯಿಂದ ಅಗಲಿಸುವುದೂ ಗಂಡ ಹೆಂಡಿರನ್ನು ಅಗಲಿಸುವುದೂ ಒಂದೇ ಪಾಪ. ಅಂದರೆ ಸಾಲಿನ ಕೊನೆಯಲ್ಲಿ '5' ಒಂಟಿಯಾಗಿ ನಿಂತು, 'ಮಿಲಿ' ಕೆಳಗಿನ ಸಾಲಿಗೆ ಬೀಳಬಾರದು. ಆಗ ಪದಗಳ ನಡುವೆ ಸೀಸದ ಖಾಲಿ ಚೂರುಗಳನ್ನು ತುರುಕಿ ಆ ಅಂಕಿಯನ್ನೂ ಕೆಳಗೆ ತಳ್ಳುತ್ತಿದ್ದೆವು. ಈಗಲೂ ನಾನು ಅದನ್ನೇ ಮಾಡುತ್ತೇನೆ. ಅಂಕಿಯ ಹಿಂದೆ ನಾಲ್ಕೋ ಐದೋ ಸ್ಪೇಸ್ ಒತ್ತಿದರೆ ಅದು ತಾನಾಗಿ ಕೆಳಗಿಳಿಯುತ್ತದೆ.

ಇಂದು ಕೈ ತಪ್ಪಿ, ಕಾಣದ ಗುರುತುಗಳನ್ನು ತೋರಿಸುವ ಬಟನ್ ಒತ್ತಿಬಿಟ್ಟೆ. ಪರದೆಯ ತುಂಬ ಚುಕ್ಕಿಗಳು ಎದ್ದವು. ಒಂದು ಚುಕ್ಕಿ ಎಂದರೆ ಒಂದು ಖಾಲಿ ಜಾಗ, ಅದು ನನಗೆ ಗೊತ್ತು. ಆದರೆ ಮೂರನೆಯ ಪುಟದಲ್ಲಿ ನಾನು ಇಟ್ಟಿದ್ದ ನಾಲ್ಕು ಚುಕ್ಕಿ ಇಲ್ಲ. '5' ಮತ್ತು 'ಮಿಲಿ' ನಡುವೆ ಚುಕ್ಕಿಯ ಬದಲು ಒಂದು ಪುಟ್ಟ ಉಂಗುರ. ಮೇಲೆ ನೋಡಿದರೆ ಇನ್ನೊಂದು. ಕೆಳಗೆ ಮತ್ತೊಂದು. ಹೇನಿನ ಮೊಟ್ಟೆಯ ಹಾಗೆ ಅಂಟಿಕೊಂಡಿವೆ.

ನಾನು ಹಾಕಿದ್ದಲ್ಲ. ದೇವರಾಣೆ ನಾನು ಹಾಕಿದ್ದಲ್ಲ.

ಮಾರ್ಚ್ 7, ಶುಕ್ರವಾರ

ಎಣಿಸಿದೆ. ನಿನ್ನೆಯವರೆಗೆ ಮಾಡಿದ ಪುಟಗಳಲ್ಲಿ ನೂರ ಹದಿನೆಂಟು ಉಂಗುರ. ಪದಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ. ಕದಿಯಲು ಬಂದ ಕಳ್ಳ ಏನನ್ನೂ ಒಯ್ಯದೆ ಗೋಡೆಗೆ ಗುರುತು ಮಾಡಿ ಹೋದರೆ ಏನರ್ಥ? ಮತ್ತೆ ಬರುತ್ತಾನೆ ಎಂದಲ್ಲವೇ?

ಊಟದ ಡಬ್ಬಿ ಬಿಚ್ಚುವಾಗ ಕನ್ನಡಕಕ್ಕೆ ಕೇಳುವ ಹಾಗೆ, "ಈ ಪ್ರೆಸ್ಸಿನಲ್ಲಿ ಇಲಿ ಕಾಟ ಜಾಸ್ತಿ ಆಗಿದೆ," ಎಂದೆ.

"ಹೌದಾ ಅಕ್ಕಾ? ನಾನು ನೋಡಿಲ್ಲ," ಎಂದಳು. ತುತ್ತು ನಿಲ್ಲಿಸಲಿಲ್ಲ. ಹಾಲು ಕುಡಿದ ಬೆಕ್ಕಿನ ಮುಖ.

ಈಗ ಹೊಳೆಯುತ್ತಿದೆ. ಒಂದೊಂದು ಉಂಗುರ ನನ್ನ ಒಂದೊಂದು ತಪ್ಪಿಗೆ ಗುರುತು. ಕೊನೆಯ ದಿನ ಮಾಲೀಕರನ್ನು ಕರೆದು, "ನೋಡಿ ಸರ್, ಇವರ ಕೆಲಸದಲ್ಲಿ ಇಷ್ಟು ಕಡೆ ತಪ್ಪು," ಎಂದು ತೋರಿಸಲು ಇಟ್ಟುಕೊಂಡಿದ್ದಾಳೆ.

ಮಾರ್ಚ್ 10, ಸೋಮವಾರ

ಹೊರಡುವಾಗ ಕೀಲಿಮಣೆಯ ಮೇಲೆ ಅಡ್ಡಲಾಗಿ ಒಂದು ಬಿಳಿ ದಾರದ ಎಳೆ ಇಟ್ಟು ಬಂದೆ. ಮನೆಯಲ್ಲಿ ಇವರಿಗೆ ಹೇಳಿದರೆ, "ಪೊಲೀಸಿಗೆ ಸೇರೋ ವಯಸ್ಸು ದಾಟಿತಲ್ಲೇ," ಎಂದು ನಕ್ಕರು. ನಗಲಿ. ಕುರ್ಚಿ ಹೋದ ದಿನ ಯಾರು ನಗುತ್ತಾರೋ ನೋಡುತ್ತೇನೆ.

ಮಾರ್ಚ್ 11, ಮಂಗಳವಾರ

ದಾರ ನೆಲದ ಮೇಲಿತ್ತು. ಉಂಗುರ ನೂರ ಅರವತ್ತೆರಡು.

ಮಾರ್ಚ್ 12, ಬುಧವಾರ

ಪ್ರೆಸ್ಸಿನ ಕೀಲಿ ಇರುವುದು ಅವಳ ಹತ್ತಿರ. ಮಗಳನ್ನು ಶಾಲೆಗೆ ಬಿಟ್ಟು ಎಂಟೂವರೆಗೇ ಬಂದು ಬಾಗಿಲು ತೆಗೆಯುತ್ತಾಳೆ. ನಾನು ಬರುವುದು ಹತ್ತಕ್ಕೆ. ಇಂದು ಪ್ರಾರ್ಥನೆಯನ್ನು ಅರ್ಧಕ್ಕೆ ಮುಗಿಸಿ ಒಂಬತ್ತಕ್ಕೇ ಹೋದೆ. ದೇವರು ಕ್ಷಮಿಸುತ್ತಾನೆ, ಕಾರಣ ಅವನಿಗೆ ಗೊತ್ತು.

ಎದುರಿನ ಸೈಕಲ್ ಅಂಗಡಿಯ ಮರೆಯಲ್ಲಿ ನಿಂತೆ. ಗಾಜಿನ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ನನ್ನ ಕುರ್ಚಿ. ನನ್ನ ಕಂಪ್ಯೂಟರ್. ಅದರ ಮುಂದೆ ಅವಳು. ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಎಡಗೈಯಲ್ಲಿ ಎರಡು ಕೀಲಿ ಅದುಮಿ, ಬಲಗೈಯಲ್ಲಿ ಸ್ಪೇಸಿನ ಉದ್ದದ ಕೀಲಿ ಒತ್ತುತ್ತಿದ್ದಾಳೆ. ಒಂದು ಒತ್ತು, ಸ್ವಲ್ಪ ಕೆಳಗೆ, ಮತ್ತೊಂದು ಒತ್ತು. ಬೀಜ ಬಿತ್ತುವವರ ಹಾಗೆ.

ಸೈಕಲ್ ಅಂಗಡಿಯವನು, "ಯಾರನ್ನ ಕಾಯ್ತಿದ್ದೀರಮ್ಮಾ?" ಎಂದ.

"ನ್ಯಾಯಾನ ಕಾಯ್ತಿದ್ದೀನಪ್ಪಾ," ಎಂದೆ.

"ಹಾಗಾದ್ರೆ ಒಂದು ಸ್ಟೂಲ್ ಕೊಡ್ತೀನಿ, ಕೂತ್ಕೊಳ್ಳಿ. ತಡ ಆಗುತ್ತೆ," ಎಂದ.

ಮಾರ್ಚ್ 13, ಗುರುವಾರ

ಮಾಲೀಕರಿಗೆ ಹೇಳಿದೆ. ಉಂಗುರಗಳನ್ನು ತೋರಿಸಿದೆ. ನಾನು ಕಣ್ಣಾರೆ ಕಂಡದ್ದನ್ನೂ ಹೇಳಿದೆ. ಒಂದು ಮಾತನ್ನೂ ಹೆಚ್ಚು ಸೇರಿಸಲಿಲ್ಲ, ಸುಳ್ಳು ನನ್ನ ನಾಲಗೆಗೆ ಬರುವುದಿಲ್ಲ.

ಅವರಿಗೆ ಉಂಗುರ ಎಂದರೇನು ಎಂದು ಗೊತ್ತಿಲ್ಲ. ತಂದೆಗಿದ್ದ ಜ್ಞಾನ ಮಗನಿಗಿಲ್ಲ. ಅವರಿಗೆ ಗೊತ್ತಿರುವುದು ಕಾಗದದ ದರ ಮಾತ್ರ. "ಕೇಳದೆ ಇನ್ನೊಬ್ಬರ ಫೈಲಿಗೆ ಕೈ ಹಾಕೋದು ತಪ್ಪು," ಎಂದು ಗಡ್ಡ ತುರಿಸಿಕೊಂಡರು.

ಮಾರ್ಚ್ 14, ಶುಕ್ರವಾರ

ದೇವರು ದೊಡ್ಡವನು.

ಮಾಲೀಕರು ಬೆಳಿಗ್ಗೆ ಅವಳನ್ನು ಒಳಗೆ ಕರೆದು ಮಾತಾಡಿದರು. ಬಾಗಿಲು ಹಾಕಿತ್ತು. ಹೊರಗೆ ಬಂದವಳು ನೇರ ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಅವರು ನನ್ನ ಕಂಪ್ಯೂಟರಿಗೆ ಒಂದು ಗುಟ್ಟಿನ ಪದ ಹಾಕಿಕೊಟ್ಟು ಮೆಲ್ಲಗೆ, "ತಿಂಗಳ ಕೊನೆಗೆ ಅವಳನ್ನ ಕಳಿಸ್ತೀನಿ. ನೀವು ನಮ್ಮ ತಂದೆ ಕಾಲದವರು. ನಂಬಿಕೆ ಮುಖ್ಯ," ಎಂದರು.

ಮಧ್ಯಾಹ್ನ ಆ ಉಂಗುರಗಳಿಗೆ ಒಂದು ಗತಿ ಕಾಣಿಸಿದೆ. ಹುಡುಕಿ ಬದಲಿಸುವುದನ್ನು ನನಗೆ ಕಲಿಸಿದವಳು ಅವಳೇ, ಬಂದ ಮೊದಲ ದಿನ. ಒಂದು ಉಂಗುರವನ್ನು ಕಾಪಿ ಮಾಡಿ ಮೇಲಿನ ಪೆಟ್ಟಿಗೆಗೆ ಹಾಕಿದೆ, ಕೆಳಗಿನ ಪೆಟ್ಟಿಗೆಯಲ್ಲಿ ಬರೀ ಸ್ಪೇಸ್ ಒತ್ತಿದೆ, 'ಎಲ್ಲ ಬದಲಿಸು' ಎಂದೆ. ಇನ್ನೂರ ಏಳು ಬದಲಾವಣೆ ಎಂದು ಬಂತು. ಇನ್ನೂರ ಏಳು ಉಂಗುರವೂ ಒಂದೇ ಉಸಿರಿಗೆ ಚುಕ್ಕಿಯಾದವು. ತಲೆ ತೊಳೆದಷ್ಟು ಹಗುರವಾಯಿತು.

ಮನೆಗೆ ಬಂದು ದೀಪ ಹಚ್ಚಿ, ಕಳ್ಳಿಯನ್ನು ಹಿಡಿದುಕೊಟ್ಟೆಯಲ್ಲಾ ತಂದೆ ಎಂದು ಕೈ ಮುಗಿದೆ. ಅರ್ಧಕ್ಕೆ ಬಿಟ್ಟಿದ್ದ ಪ್ರಾರ್ಥನೆಯನ್ನು ಪೂರ್ತಿ ಮಾಡಿದೆ.

ಮಾರ್ಚ್ 17, ಸೋಮವಾರ

ನನ್ನ ಪಾಲಿನ ಪುಟಗಳೆಲ್ಲ ಮುಗಿದವು. ಆಸ್ಪತ್ರೆಯವರಿಗೆ ಜೇಬಿನಲ್ಲಿ ಹಿಡಿಯುವ ಪುಸ್ತಕ ಬೇಕಂತೆ. ಮಾಲೀಕರೇ ಬಂದು ಪುಟದ ಅಳತೆಯನ್ನು ಚಿಕ್ಕದು ಮಾಡಿದರು.

ಕನ್ನಡಕ ಯಾಕೆ ಸಿಟ್ಟಾಗುತ್ತಿಲ್ಲ? ಕೆಲಸ ಹೋಗುತ್ತಿದೆ ಎಂದು ಗೊತ್ತು. ಹೇಳಿದ್ದು ಯಾರೆಂದು ಗೊತ್ತಿಲ್ಲದಿರಲು ಅವಳು ದಡ್ಡಿಯಲ್ಲ. ಆದರೂ, "ಅಕ್ಕಾ, ಫ್ಯಾನ್ ಜೋರಾಯ್ತಾ?" ಎಂದು ಕೇಳುತ್ತಾಳೆ. ಒಳಗೊಳಗೇ ಏನೋ ಹೂಡಿದ್ದಾಳೆ. ಸುಮ್ಮನಿರುವ ನೀರಿನಲ್ಲಿ ಕಾಲಿಡಬೇಡ ಎಂದು ನನ್ನಮ್ಮ ಹೇಳುತ್ತಿದ್ದಳು.

ಮಾರ್ಚ್ 19, ಬುಧವಾರ

ಬರೆಯಲು ಕೈ ಬರುತ್ತಿಲ್ಲ, ಬರೆಯದೆ ಮಲಗಲಾರೆ.

ಚಿಕ್ಕ ಅಳತೆಯ ಕರಡು ಹಾಳೆಗಳನ್ನು ತಿದ್ದಲು ಮನೆಗೆ ತಂದಿದ್ದೆ. ಬಸ್ ಓಡಿಸಿ ಓಡಿಸಿ, ಅಕ್ಷರ ಕಂಡರೆ ಜೋರಾಗಿ ಓದುವ ಚಟ ಇವರಿಗೆ. ನಾನು ಕೈಬರಹದ ಪ್ರತಿ ಹಿಡಿದು ಕೂತೆ, ಇವರು ಅಚ್ಚಿನದನ್ನು ಓದತೊಡಗಿದರು. ಹಸುಗೂಸಿನ ಜ್ವರದ ಔಷಧಿಯ ಪುಟ ಬಂತು. ಪುಟದ ತಳದವರೆಗೆ ಓದಿ, ಬೆರಳಿಗೆ ಎಂಜಲು ಹಚ್ಚಿ, ಹಾಳೆ ತಿರುಗಿಸಿ, "ಅರ್ಧ ಮಿಲಿ ಕೊಡಬೇಕು," ಎಂದರು.

"ಒಂದೂವರೆ," ಎಂದೆ.

"ಅರ್ಧ ಅಂತ ಇದೆಯಲ್ಲೇ. ನನಗೆ ಸೊಂಟ ಹೋಗಿದೆ, ಕಣ್ಣು ಹೋಗಿಲ್ಲ."

ಕಸಿದು ನೋಡಿದೆ. ಹಿಂದಿನ ಪುಟದ ಕಟ್ಟಕಡೆಯಲ್ಲಿ, ಮೂಲೆಯಲ್ಲಿ, ಒಂದು '1' ಒಂಟಿಯಾಗಿ ನಿಂತಿತ್ತು. ಈ ಪುಟದ ನೆತ್ತಿಯ ಮೇಲೆ '1/2 ಮಿಲಿ'. ಆ ಒಂಟಿ '1' ಕೆಳಗೆ ಅಚ್ಚಾಗುವ ಪುಟದ ಸಂಖ್ಯೆಯ ಹಾಗೆ ಕಾಣುತ್ತಿತ್ತು. ಓದುವವರು ಬಿಟ್ಟೇ ಬಿಡುತ್ತಾರೆ. ಇವರು ಬಿಟ್ಟ ಹಾಗೆ.

ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿ ನೋಡಿದೆ. ಇಂಥವು ಹನ್ನೊಂದು. ಹನ್ನೊಂದೂ ನಾನು ಚುಕ್ಕಿ ಮಾಡಿದ ಜಾಗಗಳೇ.

ಉಂಗುರ ಇದ್ದಲ್ಲಿ.

ಮಾರ್ಚ್ 20, ಗುರುವಾರ

ಮಾಲೀಕರು ಹೊರಗೆ ಹೋದ ಮೇಲೆ ಅವಳ ಮೇಜಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ.

"ನನ್ನ ಫೈಲಿನಲ್ಲಿ ಉಂಗುರ ಹಾಕ್ತಿದ್ದವಳು ನೀನು ತಾನೇ?"

"ಹೌದಕ್ಕಾ."

"ಏನದು?"

ಕನ್ನಡಕ ತೆಗೆದು ಒರೆಸಿದಳು. ಕನ್ನಡಕ ಇಲ್ಲದ ಮುಖವನ್ನು ಮೊದಲ ಸಲ ನೋಡಿದೆ. ನಿದ್ದೆ ಸಾಲದ ಕಣ್ಣು.

"ಅದೂ ಖಾಲಿ ಜಾಗಾನೇ. ಆದ್ರೆ ಬಿಡದ ಜಾಗ. ಎರಡು ಪದದ ನಡುವೆ ಅದನ್ನ ಹಾಕಿದ್ರೆ ಸಾಲು ಎಲ್ಲಿ ಮುರಿದ್ರೂ ಆ ಎರಡು ಬೇರೆ ಆಗಲ್ಲ. ಕೆಳಗೆ ಹೋದ್ರೆ ಜೊತೆಗೇ ಹೋಗ್ತಾವೆ. ನೀವು ಒತ್ತೋ ಚುಕ್ಕಿಗಳು ಆ ಅಳತೆ ಕಾಗದದಲ್ಲಿ ಮಾತ್ರ ನಿಲ್ತಾವೆ ಅಕ್ಕಾ. ಸೀಸದಲ್ಲಿ ಕಟ್ಟಿದ ಸಾಲು ಕಟ್ಟಿದ ಹಾಗೇ ಇರ್ತಿತ್ತೇನೋ. ಇದು ನೀರು. ಪಾತ್ರೆ ಬದಲಾದ್ರೆ ಆಕಾರಾನೂ ಬದಲಾಗುತ್ತೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಂದಿದ್ದೆನಲ್ಲ. ನೀನು ಹುಟ್ಟೇ ಇರಲಿಲ್ಲ ಅಂದ್ರಿ." ಕನ್ನಡಕ ಹಾಕಿಕೊಂಡಳು. "ಹುಟ್ಟಿರಲಿಲ್ಲ, ಅದೂ ನಿಜಾನೇ."

"ನನ್ನ ಮೇಲೆ ಕನಿಕರ ಬಂತೇನು?"

"ಕನಿಕರಕ್ಕೆ ಪುರುಸೊತ್ತೆಲ್ಲಿದೆ ಅಕ್ಕಾ. ಪುಸ್ತಕ ಕೆಟ್ರೆ ಆಸ್ಪತ್ರೆಯವರು ಮತ್ತೆ ಈ ಕಡೆ ತಲೆ ಹಾಕ್ತಾರಾ? ಆಮೇಲೆ ಒಂದು ಕುರ್ಚಿನೂ ಇರಲ್ಲ." ಮೇಜಿನ ಮೇಲಿನ ಹಾಳೆಗಳನ್ನು ಒಟ್ಟು ಮಾಡಿದಳು. "ನನ್ನ ಮಗಳು ಕೂಸಿದ್ದಾಗ ನಾನು ಔಷಧಿ ಚೀಟಿ ತಪ್ಪು ಓದಿ ಕೊಟ್ಟಿದ್ದೆ. ಮೂರು ದಿನ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಅವತ್ತಿಂದ ಅಂಕಿ ಅಂದ್ರೆ ನಂಗೆ ಭಯ."

ಅವಳು ನನ್ನ ಮೇಲೆ ದೂರು ಹೇಳಲಿಲ್ಲ. ನಾನು ಹೇಳಿದ್ದನ್ನೂ ಎತ್ತಲಿಲ್ಲ. ಉಂಗುರಗಳೆಲ್ಲ ಹೋದವು ಎಂದು ನಾನೇ ಹೇಳಿದೆ. "ಎಲ್ಲಾನಾ?" ಎಂದಳು. ಅಷ್ಟೇ. ಆ ಒಂದು ಪದವನ್ನು ಇಡೀ ದಿನ ಹೊತ್ತುಕೊಂಡು ತಿರುಗಿದೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ದೇವರ ಮುಂದೆ ಕೂತೆ. ಹೇಳದೆ ದಾಟುವ ದಾರಿ ಯಾವುದಾದರೂ ಇದ್ದರೆ ತೋರಿಸು ಎಂದು ಕೇಳೋಣ ಎಂದುಕೊಂಡಿದ್ದೆ. ಬಾಯಿ ಬರಲಿಲ್ಲ. ಹೋದ ವಾರ ಇದೇ ಚಾಪೆಯ ಮೇಲೆ ಕೂತು, ಕಳ್ಳಿಯನ್ನು ಹಿಡಿದುಕೊಟ್ಟೆ ಎಂದು ಅವನನ್ನು ಹೊಗಳಿದ್ದೆ. ಆಗಲೂ ಅವನು ಸುಮ್ಮನಿದ್ದ. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ಮಾಲೀಕರ ಕೋಣೆಗೆ ಹೋದೆ. ಅವಳು ಮಾಡಿದ್ದು ಏನು, ನಾನು ಮಾಡಿದ್ದು ಏನು, ಎರಡನ್ನೂ ಹೇಳಿದೆ. ಹನ್ನೊಂದು ಹಾಳೆಗಳನ್ನು ಮೇಜಿನ ಮೇಲಿಟ್ಟೆ.

ಬಹಳ ಹೊತ್ತು ನೋಡಿದರು. "ಅಂದ್ರೆ ಅವಳು ಕೆಡಿಸಿಲ್ಲ. ನೀವು ಕೆಡಿಸಿದ್ರಿ."

"ಹೌದು ಸರ್."

"ಇದು ಹಾಗೇ ಅಚ್ಚಾಗಿದ್ರೆ?"

"ಅದನ್ನ ಯೋಚನೆ ಮಾಡೇ ಎರಡು ದಿನದಿಂದ ಊಟ ಸೇರ್ತಿಲ್ಲ."

"ಇದನ್ನ ನೀವು ನನಗೆ ಹೇಳದೆ ಸರಿ ಮಾಡಬಹುದಿತ್ತಲ್ಲಮ್ಮಾ," ಎಂದರು. ಬೈಗುಳದ ಹಾಗೆ ಕೇಳಲಿಲ್ಲ. ಚಿಕ್ಕ ಹುಡುಗನಾಗಿದ್ದಾಗ ಇಂಕಿನ ಬಾಟಲಿ ಬೀಳಿಸಿ ನನ್ನ ಮುಖ ನೋಡಿದ್ದರಲ್ಲ, ಹಾಗೆ ನೋಡಿದರು. "ಈಗ ನಾನೇನು ಮಾಡ್ಲಿ ಹೇಳಿ. ಕುರ್ಚಿ ಒಂದೇ ಇರೋದು."

"ಕುರ್ಚಿ ಯಾರದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀವು ಬಾಯಿ ಬಿಟ್ಟು ಹೇಳೋದು ಬೇಡ. ಭಾನುವಾರ ಒಂದು ದಿನ ಬಾಗಿಲು ತೆಗೆಸಿಕೊಡಿ, ಸಾಕು."

ಮನೆಯಲ್ಲಿ ಇವರಿಗೆ ಹೇಳಿದೆ. ಎದ್ದು ತಟ್ಟೆ ಇಟ್ಟರು. ಆಮೇಲೆ, "ದಾರಿ ತಪ್ಪಿದ್ರೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೀಬೇಕು, ಬೇರೆ ಉಪಾಯ ಇಲ್ಲ," ಎಂದರು. ಅನ್ನ ಬಡಿಸಿಕೊಟ್ಟರು. ಸೊಂಟ ನೋವಿನ ಮನುಷ್ಯ.

ಮಾರ್ಚ್ 23, ಭಾನುವಾರ

ಬಾಗಿಲು ತೆಗೆಯಲು ಬಂದವಳು ಹೋಗಲಿಲ್ಲ. ಮಗಳನ್ನೂ ಕರೆತಂದಿದ್ದಳು. ಆ ಮಗು ಹಾಳಾದ ಹಾಳೆಗಳ ಹಿಂಬದಿಯಲ್ಲಿ ಬೆಕ್ಕುಗಳನ್ನು ಬರೆಯುತ್ತಾ ಕೂತಿತು.

"ನೀವು ಓದಿ ಅಕ್ಕಾ, ನಾನು ಒತ್ತುತ್ತೀನಿ," ಎಂದಳು.

"ಬೇಡ. ಕಿತ್ತವಳು ನಾನು, ನೆಡೋಳೂ ನಾನೇ. ನೀನು ಓದು."

ಎಡಗೈಯಲ್ಲಿ ಎರಡು ಕೀಲಿ, ಬಲಗೈಯಲ್ಲಿ ಉದ್ದದ ಕೀಲಿ. ಮೊದಲ ಇಪ್ಪತ್ತು ಸಲ ಬೆರಳು ತಡವರಿಸಿತು. ಆಮೇಲೆ ತಾನಾಗೇ ನಡೆಯಿತು. ಅಂಕಿಗೂ ಅಳತೆಗೂ ನಡುವೆ ಒಂದು. ಡಾಕ್ಟರ ಬಿರುದಿಗೂ ಹೆಸರಿಗೂ ನಡುವೆ ಒಂದು. 'ಪುಟ' ಎಂಬುದಕ್ಕೂ ಅದರ ಸಂಖ್ಯೆಗೂ ನಡುವೆ ಒಂದು. ಕೆಲವು ಕಡೆ ಅವಳಿಗೂ ಹೊಳೆಯದ್ದು ನನಗೆ ಹೊಳೆಯಿತು.

ನಡುವೆ ಅವಳು ಒಂದು ಪಟ್ಟಿ ತೆಗೆದು ತೋರಿಸಿದಳು. ಎಷ್ಟು ಬಗೆಯ ಖಾಲಿ ಜಾಗಗಳು. ಎಮ್ ಎಂಬ ಅಗಲದ್ದು, ಅದರ ಅರ್ಧದ ಎನ್, ಎಮ್‌ನ ಕಾಲು ಭಾಗ. ನಾನು ನಕ್ಕುಬಿಟ್ಟೆ. ಇವೆಲ್ಲ ನನ್ನ ಹಳೆಯ ನೆಂಟರು. ಮೊಳೆಯ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದೊಂದು ಗೂಡಿತ್ತು. ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿದರೆ ಯಾವುದೆಂದು ಹೇಳುತ್ತಿದ್ದೆ. ಕಾಲು ಭಾಗದ ಚೂರು ಅಕ್ಕಿಕಾಳಿನಷ್ಟು ತೆಳ್ಳಗೆ. ಕೆಳಗೆ ಬಿದ್ದರೆ ಮೇಸ್ತ್ರಿ ನೆಲ ಗುಡಿಸಿ ಹುಡುಕಿಸುತ್ತಿದ್ದರು.

"ಖಾಲಿ ಜಾಗಕ್ಕೆ ತೂಕ ಇತ್ತಾ ಅಕ್ಕಾ?" ಎಂದು ಕಣ್ಣರಳಿಸಿದಳು.

"ಅಕ್ಷರಕ್ಕಿಂತ ಜಾಸ್ತಿ ಇತ್ತು," ಎಂದೆ.

ಸಂಜೆ ಐದಕ್ಕೆ ಮುಗಿಯಿತು. ಇನ್ನೂರ ಮೂವತ್ತೊಂದು. ಅವಳು ಹಾಕಿದ್ದಕ್ಕಿಂತ ಇಪ್ಪತ್ತನಾಲ್ಕು ಹೆಚ್ಚು. ದಪ್ಪ ಕನ್ನಡಕದ ಹಿಂದೆ ಹುಡುಗಿಯ ಕಣ್ಣು ಕೆಂಪಾಗಿತ್ತು. ಮುಂದೆ ಒಬ್ಬಳೇ ಇಷ್ಟೂ ಕೆಲಸ ಮಾಡಬೇಕು, ಪರದೆಗೆ ಅಷ್ಟು ಬಗ್ಗಬೇಡ ಎಂದು ಹೇಳಿ ಬಂದೆ. ಮನೆಗೆ ಬಂದ ಮೇಲೆ ಪ್ರಾರ್ಥನೆಯಲ್ಲಿ ಏನು ಕೇಳಿದೆನೋ ನೆನಪಿಲ್ಲ. ಅವಳ ಕಣ್ಣಿನ ವಿಷಯ ಇತ್ತು, ಅಷ್ಟು ನೆನಪಿದೆ.

ಮಾರ್ಚ್ 27, ಗುರುವಾರ

ಇಂದು ನನ್ನ ಕೊನೆಯ ದಿನ. ನಾಳೆ ನನ್ನ ಕಂಪ್ಯೂಟರ್ ಒಯ್ಯಲು ಜನ ಬರುತ್ತಾರೆ. ಕುರ್ಚಿಯ ಮೇಲಿನ ದಿಂಬು ನನ್ನದು, ತೆಗೆದುಕೊಂಡೆ. ಮಾಲೀಕರು ಕೇಳದೆಯೇ ಚಹಾ ತರಿಸಿದರು.

ಹುಡುಗಿ, "ಕರಡು ತಿದ್ದೋದಿದ್ರೆ ಮನೆಗೆ ತಂದುಕೊಡ್ತೀನಿ ಅಕ್ಕಾ, ಸರ್ ಒಪ್ಪಿದ್ದಾರೆ," ಎಂದಳು. ಕನಿಕರವೋ ಏನೋ ಎಂದು ಅವಳ ಮುಖವನ್ನೇ ದಿಟ್ಟಿಸಿದೆ. ನನ್ನ ಹುಟ್ಟುಗುಣ ಎಲ್ಲಿ ಹೋಗುತ್ತದೆ.

ಮಗಳನ್ನು ಕರೆತರಲು ಅವಳು ಬೇಗ ಹೋದಳು. ಅಚ್ಚಿಗೆ ನಾಳೆ ಬೆಳಿಗ್ಗೆ ಕಳಿಸುವುದು. ಕೊನೆಯ ಸಲ ಎಂದು ಅವಳ ಕುರ್ಚಿಯಲ್ಲಿ ಕೂತು ಪುಸ್ತಕವನ್ನು ಮೊದಲಿಂದ ನೋಡಿದೆ. ಕಡೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಹೊಸ ಸಾಲು ಇತ್ತು. ಅಕ್ಷರ ಜೋಡಣೆ ಎಂದು ಬರೆದು, ಮೊದಲು ನನ್ನ ಹೆಸರು, ಆಮೇಲೆ ಅವಳದು. ಮೂವತ್ತೆರಡು ವರ್ಷದಲ್ಲಿ ಎಷ್ಟು ಪುಸ್ತಕ ಕಟ್ಟಿದ್ದೇನೋ, ನನ್ನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಇದೇ ಮೊದಲು.

ಸುಮ್ಮನೆ ನಂಬುವವಳೇ ನಾನು. ಗುರುತಿನ ಬಟನ್ ಒತ್ತಿ ನೋಡಿದೆ. ಎರಡು ಹೆಸರಿನ ನಡುವೆ ಬರೀ ಚುಕ್ಕಿ ಇತ್ತು. ಇಷ್ಟೆಲ್ಲ ತಿಳಿದವಳು ಇಲ್ಲಿ ಮರೆತಿದ್ದಾಳೆ. ಕಾಗದದ ಅಳತೆ ಮತ್ತೆ ಬದಲಾದರೆ ಅವಳ ಹೆಸರು ಕೆಳಗೆ ಬಿದ್ದು ಒಂಟಿಯಾಗುತ್ತದೆ.

ಚುಕ್ಕಿಯನ್ನು ಅಳಿಸಿದೆ. ಎಡಗೈಯಲ್ಲಿ ಎರಡು ಕೀಲಿ ಅದುಮಿ, ಬಲಗೈಯಲ್ಲಿ ಒಂದು ಒತ್ತು ಒತ್ತಿದೆ.

ಅವಳಿಗೆ ಚೀಟಿ ಬರೆದಿಡಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಬಂದು ನೋಡಲಿ. ನನ್ನ ಫೈಲಿಗೆ ಯಾರು ಕೈ ಹಾಕಿದರು ಎಂದು ಅವಳೂ ಒಂದು ದಿನ ಅನುಮಾನ ಪಡಲಿ.